ಊರ ತುಂಬ ಚೆನ್ನಮ್ಮ

ಬೆಳಗಾವಿಯಲ್ಲಿ ಈ ಒಂದು ಹೆಸರಿಗೆ ಎಷ್ಟು ಕೆಲಸ ನೋಡಿ. ಆಟೋದವರು "ಚೆನ್ನಮ್ಮ, ಚೆನ್ನಮ್ಮ" ಅಂತ ಕೂಗಿದರೆ ಅದು ಸರ್ಕಲ್. "ಚೆನ್ನಮ್ಮ ಲೇಟ್ ಐತೇನ್ರಿ?" ಅಂದರೆ ಬೆಂಗಳೂರಿನ ರೈಲು. "ಮಗಳು ಚೆನ್ನಮ್ಮದಾಗ ಎಂ.ಎ. ಮಾಡಾಕತ್ತಾಳ" ಅಂದರೆ 2010ರಲ್ಲಿ ಶುರುವಾದ ವಿಶ್ವವಿದ್ಯಾಲಯ.

ಹೆಸರಿನ ಬೇರು ಮಾತ್ರ ಸಾದಾ. ಚೆನ್ನ ಅಂದರೆ ಚೆಲುವು, ಅದಕ್ಕೆ ಅಮ್ಮ ಸೇರಿತು. ಹಳ್ಳಿ ಕಡೆ ಚೆನ್ನವ್ವ, ಮುದ್ದಿಗೆ ಚೆನ್ನಿ. ಗಂಡಸರೂ ಬಿಟ್ಟಿಲ್ಲ: ಚೆನ್ನಪ್ಪ, ಚೆನ್ನಬಸಪ್ಪ, ಚೆನ್ನವೀರ. ಅಕ್ಕಮಹಾದೇವಿಗಂತೂ ದೇವರೇ ಚೆನ್ನಮಲ್ಲಿಕಾರ್ಜುನ. ಕೆಳದಿಯಲ್ಲೂ ಒಬ್ಬ ರಾಣಿ ಚೆನ್ನಮ್ಮ ಇದ್ದಳು, ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು.

ಆದರೆ ನಮ್ಮ ಕಡೆ ಚೆನ್ನಮ್ಮ ಅಂದರೆ ಕಿತ್ತೂರಿನವಳೇ. ಹುಟ್ಟಿದ್ದು ಇಲ್ಲೇ ಪಕ್ಕದ ಕಾಕತಿಯಲ್ಲಿ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಮೇಲೆ ಬಂದ ಕಲೆಕ್ಟರ್ ಥ್ಯಾಕರೆ ಅಲ್ಲೇ ಹೆಣವಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ರಾಣಿ ತೀರಿಕೊಂಡಳು.

ನನಗಿರೋದು ಒಂದೇ ಬೇಜಾರು. ಸರ್ಕಲ್‌ಗೆ, ರೈಲಿಗೆ ಈ ಹೆಸರು ಬೇಕು, ತೊಟ್ಟಿಲಿಗೆ ಬೇಡ! ಮೊನ್ನೆ ಸಂಬಂಧಿಕರ ಮನೆಯಲ್ಲಿ ಹೆಸರಿಡೋ ಕಾರ್ಯಕ್ರಮ. ಅಜ್ಜಿ "ಚೆನ್ನವ್ವ ಅಂತ ಇಡ್ರಿ, ನಮ್ಮತ್ತಿ ಹೆಸರು" ಅಂದರು. ಕೂಸಿನ ತಾಯಿ ಮುಖ ಸಿಂಡರಿಸಿದಳು. ಕೊಬ್ಬರಿ-ಸಕ್ಕರೆ ಹಂಚೋವರೆಗೂ ಜಗ್ಗಾಟ ನಡೆದು ಕೊನೆಗೆ ರಾಜಿ ಆಯಿತು: ಆಧಾರ್‌ನಲ್ಲಿ ಶಾನ್ವಿ, ಮನೆಯಲ್ಲಿ ಚೆನ್ನಿ. ಅಜ್ಜಿಯ ಬಾಯಲ್ಲಿ ಶಾನ್ವಿ ಹೆಂಗೂ ಹೊರಳಲ್ಲ, ಹಾಗಾಗಿ ಗೆದ್ದಿದ್ದು ಯಾರು ಅಂತ ನನಗೇನೂ ಅನುಮಾನ ಇಲ್ಲ.