ಖರ್ಚು ಹೇಗೆ ಹೊಂದಿಸಿದ್ರಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ನಿಮ್ಮ ಯಜಮಾನರ ಕ್ಯಾನ್ಸರ್‌ಗೆ ಒಟ್ಟು ಎಷ್ಟಾಯ್ತು? ಅಷ್ಟು ದುಡ್ಡು ಹೇಗೆ ಹೊಂದಿಸಿದ್ರಿ?" ಸಾಗರದ ಸಂತೆಯಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಜನ ಇದನ್ನೇ ಕೇಳುತ್ತಾರೆ. ನನಗೆ ಬೇಸರವಿಲ್ಲ. ಎಷ್ಟೋ ಸಲ ಕೇಳುವವರ ಮನೆಯಲ್ಲೇ ಯಾರಿಗೋ ಗಂಟು ಕಾಣಿಸಿಕೊಂಡಿರುತ್ತದೆ. ಬಾಯಿಬಿಟ್ಟು ಹೇಳಿರುವುದಿಲ್ಲ, ಅಷ್ಟೇ.

ನಮ್ಮ ಯಜಮಾನರಿಗೆ ಬಂದಿದ್ದು ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಕ್ಯಾನ್ಸರ್. ಕುತ್ತಿಗೆಯಲ್ಲಿ ಗಂಟು, ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಎಲ್ಲರೂ ಟಿಬಿ ಇರಬೇಕು ಅಂದರು. ಬಯಾಪ್ಸಿ ಆದಮೇಲೆ ಗೊತ್ತಾಯಿತು. ಅವರು ಲಗೇಜ್ ಆಟೋ ಓಡಿಸುತ್ತಾರೆ, ನಾನು ಅತಿಥಿ ಶಿಕ್ಷಕಿ. ಮಾವನ ಹೆಸರಲ್ಲಿ ಅರ್ಧ ಎಕರೆ ಅಡಿಕೆ ತೋಟ. ಮಗಳು ಆಗ ಒಂದನೇ ಕ್ಲಾಸು.

ರಿಪೋರ್ಟ್ ಬಂದ ವಾರವೇ ತೋಟ ಮಾರುವ ಮಾತು ಬಂತು. ಮಾವನೇ ಹೇಳಿದರು. ಮನೆ ತುಂಬ ಭಯ ಇದ್ದಾಗ ಇಂಥ ಮಾತು ಸರಿ ಅನ್ನಿಸಿಬಿಡುತ್ತದೆ. ನಾನು ಬೇಡ ಅಂದೆ. ನನ್ನ ಉತ್ತರದ ತಿರುಳೂ ಅದೇ: ಮೊದಲ ವಾರದಲ್ಲಿ ಏನನ್ನೂ ಮಾರಬೇಡಿ. ಮೊದಲು ಕಾಗದಪತ್ರ ಮಾಡಿಸಿ.

ಯಾಕೆ ಅಂದರೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರ್ ಕೂಡ ಅದರಲ್ಲಿದೆ. ಎಪಿಎಲ್ ಕಾರ್ಡಿನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟನ್ನು ಕೊಡುತ್ತಾರೆ, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಇದು ನಗದು ಕಟ್ಟಿ ಆಮೇಲೆ ವಾಪಸ್ ಪಡೆಯುವ ವ್ಯವಸ್ಥೆ ಅಲ್ಲ. ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಬರಬೇಕು. ತುರ್ತು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಗಾಬರಿಯಲ್ಲಿ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ವಾನ್ಸ್ ಕಟ್ಟಿದ ಮನೆಗಳನ್ನು ನಾನು ನೋಡಿದ್ದೇನೆ. ಆ ದುಡ್ಡು ಹೋದ ಹಾಗೇ. ರೇಷನ್ ಕಾರ್ಡಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಕಾಯಿಲೆ ಇಲ್ಲದವರೂ ನೋಡಿಕೊಳ್ಳಿ.

ನಾವು ಹೋಗಿದ್ದು ಬೆಂಗಳೂರಿನ ಕಿದ್ವಾಯಿಗೆ. 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಜನಸಂದಣಿ ಜಾಸ್ತಿ, ಕಾಯಬೇಕು. ಆದರೂ ನಂಬಿಕೆಯಿಂದ ಹೋಗಬಹುದಾದ ಜಾಗ. ಅವರಿಗೆ ಕೊಟ್ಟಿದ್ದು ಎಬಿವಿಡಿ ಅನ್ನುವ ಕೀಮೋ. ನಾಲ್ಕು ಔಷಧಿ ಸೇರಿ ಹದಿನೈದು ದಿನಕ್ಕೊಮ್ಮೆ. ದಶಕಗಳಿಂದ ಬಳಕೆಯಲ್ಲಿರುವ ಔಷಧಿಗಳು, ಈಗ ಬರುತ್ತಿರುವ ಹೊಸ ಔಷಧಿಗಳಷ್ಟು ದುಬಾರಿ ಅಲ್ಲ. ಅದರ ಬಹುಪಾಲು ಖರ್ಚು ಆ ಯೋಜನೆಯಲ್ಲೇ ಹೋಯಿತು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಔಷಧಿಯ ಸುತ್ತಮುತ್ತ ಹೋಯಿತು. ಮೈಯಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಹೊರಗೆ ಮಾಡಿಸಿದಾಗ ಒಂದೊಂದಕ್ಕೂ ಸಾವಿರಗಟ್ಟಲೆ ಕೈಯಿಂದ ಕಟ್ಟಿದೆವು. ಪ್ರತಿ ಕೀಮೋಗೂ ಮೊದಲು ರಕ್ತ ಪರೀಕ್ಷೆ. ಬಿಳಿ ರಕ್ತಕಣ ಕಮ್ಮಿ ಇದ್ದರೆ ಕೆಲವು ಸಲ ಡೇಟ್ ಮುಂದಕ್ಕೆ, ಅಂದರೆ ಇನ್ನಷ್ಟು ದಿನ ಬೆಂಗಳೂರಲ್ಲಿ ಊಟ, ವಸತಿ. ಇಲ್ಲಿ ಆಟೋ ನಿಂತಿದೆ, ಅದರ ಲೋನ್ ಕಂತು ನಿಲ್ಲುವುದಿಲ್ಲ. ನನಗೂ ರಜೆ ಹಾಕಿದ ದಿನದ ಸಂಬಳ ಇಲ್ಲ. ಸಂಘದ ವಾರದ ಕಂತು ಬೇರೆ. ಕ್ಯಾನ್ಸರ್ ಖರ್ಚು ಅಂತ ಜನ ಔಷಧಿ ಬಿಲ್ಲನ್ನೇ ಲೆಕ್ಕ ಹಾಕುತ್ತಾರೆ. ನಮ್ಮ ಮನೆಯನ್ನು ಹಿಂಡಿದ್ದು ದುಡಿಮೆ ನಿಂತಿದ್ದು.

ಅದಕ್ಕೆ ತೋಟದ ಆ ವರ್ಷದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟೆವು, ಮುಂಗಡ ತಗೊಂಡೆವು. ರೇಟು ಸ್ವಲ್ಪ ಕಮ್ಮಿ ಸಿಕ್ಕಿತು, ಆದರೆ ತೋಟ ಉಳಿಯಿತು. ನನ್ನ ಬಳೆ ಬ್ಯಾಂಕಿನಲ್ಲಿ ಅಡವಿಟ್ಟೆ. ಆಟೋ ಲೋನಿನವರ ಹತ್ತಿರ ನಾನೇ ಹೋಗಿ ರಿಪೋರ್ಟ್ ತೋರಿಸಿ ಕಂತಿಗೆ ಸಮಯ ಕೇಳಿದೆ. ಕೇಳಿದರೆ ಸಿಗುತ್ತದೆ, ಸುಮ್ನೆ ಇದ್ದರೆ ದಂಡ ಬೀಳುತ್ತದೆ.

ಓಡಾಟದ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ ಅಂತ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್, ತ್ರೀ ಟೈರ್ ಎಸಿ ಎರಡರಲ್ಲೂ ಪೂರ್ತಿ ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯಲ್ಲಿ ರೈಲ್ವೆಯ ನಮೂನೆಗೆ ಸಹಿ, ಸೀಲು ಹಾಕಿಸಿಕೊಂಡು ಸ್ಟೇಷನ್ ಕೌಂಟರ್‌ನಲ್ಲಿ ಟಿಕೆಟ್ ತಗೋಬೇಕು. ತಾಳಗುಪ್ಪದಿಂದ ಬೆಂಗಳೂರು ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲೇ ನಮಗೆ ಆಸರೆ. ಕೀಮೋ ಆದ ಮೈಗೆ ಬಸ್ಸಿನ ಕುಲುಕಾಟ ತಡೆಯೋದು ಕಷ್ಟ, ಮಲಗಿಕೊಂಡು ಬರಬಹುದು. ನಾನೊಬ್ಬಳೇ ರಿಪೋರ್ಟ್ ತರಲು ಹೋಗುವಾಗ ಶಕ್ತಿ ಯೋಜನೆಯ ಬಸ್ಸು ಹತ್ತುತ್ತಿದ್ದೆ.

ಒಂದು ಥರ್ಮಾಮೀಟರ್ ಕೊಳ್ಳಿ. ಇದನ್ನು ದುಡ್ಡಿನ ಲೆಕ್ಕದಲ್ಲೇ ಸೇರಿಸುತ್ತೇನೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ಕ್ರೋಸಿನ್ ಕೊಟ್ಟು ಮಲಗಿಸಬಾರದು. ಆಗ ಮೈಯಲ್ಲಿ ಸೋಂಕಿನ ಜೊತೆ ಹೋರಾಡುವ ಶಕ್ತಿ ಇರುವುದಿಲ್ಲ. ಜೋರು ಮಳೆಯ ರಾತ್ರಿಯಲ್ಲೂ ಹೊರಡಬೇಕು, ಫೈಲ್ ಹಿಡಿದುಕೊಂಡು. ತಡ ಮಾಡಿದರೆ ಐಸಿಯು, ಅದಕ್ಕಿಂತ ಮುಖ್ಯ, ಜೀವ.

ನಮ್ಮ ಕಡೆಯವರು ಇನ್ನೊಂದನ್ನೂ ಕೇಳುತ್ತಾರೆ. ಆನಂದಪುರ ಹತ್ತಿರದ ನರಸೀಪುರದ ನಾಟಿ ಔಷಧಿ ಯಾಕೆ ಕೊಡಲಿಲ್ಲ, ಖರ್ಚೂ ಕಮ್ಮಿ ಅಲ್ವಾ ಅಂತ. ದೂರದೂರದಿಂದ ಜನ ಅಲ್ಲಿಗೆ ಬಂದು ಸಾಲು ನಿಲ್ಲುತ್ತಿದ್ದುದು ನಮಗೆಲ್ಲ ಗೊತ್ತು. ಆ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಹಾಡ್ಜ್‌ಕಿನ್ ಲಿಂಫೋಮಾ ಕೀಮೋದಿಂದ ಬಹುತೇಕ ಜನರಿಗೆ ವಾಸಿಯಾಗುವ ಕ್ಯಾನ್ಸರ್. ಅಂಥದ್ದನ್ನು ಬಿಟ್ಟು ಬೇರೆ ದಾರಿ ನೋಡಲು ನಾನು ತಯಾರಿರಲಿಲ್ಲ. ಕೀಮೋ ಜೊತೆಗೆ ಕಷಾಯ ಕೊಡಬೇಕು ಅನ್ನಿಸಿದರೂ ಡಾಕ್ಟರಿಗೆ ಹೇಳದೆ ಕೊಡಬೇಡಿ. ಲಿವರ್ ಮೇಲೆ ಮೊದಲೇ ಭಾರ ಇರುತ್ತದೆ.

ಕೀಮೋದಲ್ಲಿ ಒಂದು ಕೆಂಪು ಔಷಧಿ ಇದೆ. ಅದಾದ ದಿನ ಮೂತ್ರವೂ ಕೆಂಪಾಗುತ್ತದೆ. ಮಗಳು ನೋಡಿ ರಕ್ತ ಅಂತ ಅತ್ತುಬಿಟ್ಟಳು. ಅವತ್ತೇ ಅವಳಿಗೆ ಕಾಯಿಲೆಯ ಹೆಸರು ಸಮೇತ ಎಲ್ಲ ಹೇಳಿದೆವು. ಆಮೇಲೆ ಅಪ್ಪನ ಔಷಧಿಯ ಹೊತ್ತು ನೆನಪಿಸುವ ಕೆಲಸ ಅವಳದ್ದೇ ಆಯಿತು.

ಈಗ ಅವರು ಆಟೋ ಓಡಿಸುತ್ತಿದ್ದಾರೆ, ತಪಾಸಣೆಗೆ ಹೋಗಿ ಬರುತ್ತೇವೆ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ನಿಮ್ಮ ಮನೆಯಲ್ಲಿ ಈಗ ಇದು ಶುರುವಾಗಿದ್ದರೆ ಸಂಕೋಚ ಬೇಡ, ಸಂತೆಯಲ್ಲಿ ಸಿಕ್ಕಾಗ ನಿಲ್ಲಿಸಿ ಕೇಳಿ. ರೈಲ್ವೆ ನಮೂನೆಯ ಜೆರಾಕ್ಸ್ ನನ್ನ ಬ್ಯಾಗಿನಲ್ಲೇ ಇರುತ್ತದೆ, ಕೊಡುತ್ತೇನೆ.