ಸಿಡ್ನಿಯ ಕಡಲಿನ ಗ್ರೇ ನರ್ಸ್

ಮರೂಬ್ರಾ ಕಡಲತೀರದ ಬಳಿ ಗ್ರೇ ನರ್ಸ್‌ಗಳು ಸೇರಿವೆ ಎಂದು ಯಾರಾದರೂ ಹೇಳಿದರೆ ಸಿಡ್ನಿಯವರಿಗೆ ಆಸ್ಪತ್ರೆ ನೆನಪಾಗುವುದಿಲ್ಲ. ಗ್ರೇ ನರ್ಸ್ ಎಂದರೆ ಇಲ್ಲಿ ಒಂದು ಶಾರ್ಕ್. ಮಾತಿನಲ್ಲಿ ‘ಶಾರ್ಕ್’ ಎಂಬ ಬಾಲವನ್ನೂ ಸೇರಿಸುವುದಿಲ್ಲ, ಬರಿಯ ‘ಗ್ರೇ ನರ್ಸ್’ ಸಾಕು. ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿರುವ ಅಣ್ಣನ ಮಗಳಿಗೆ ಅದರ ಚಿತ್ರ ಕಳುಹಿಸಿದಾಗ ಅವಳು ಕೇಳಿದಳು: “ಅತ್ತೆ, ಬಾಯಿ ತುಂಬ ಇಂಥ ಹಲ್ಲಿರುವ ಮೀನಿಗೆ ನಮ್ಮ ಕೆಲಸದ ಹೆಸರನ್ನು ಯಾಕೆ ಇಟ್ಟರು?”

ನಾನೂ ಇಲ್ಲಿ ಅದೇ ಕೆಲಸದಲ್ಲಿರುವವಳು. ನಮ್ಮೂರಿನ ಆಸ್ಪತ್ರೆಗಳಲ್ಲಿ ನಮ್ಮನ್ನು ‘ಸಿಸ್ಟರ್’ ಎಂದು ಕೂಗುತ್ತಾರೆ, ಇಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ನರ್ಸ್ ಎಂಬ ಪದ ಆ ಮೀನಿಗೆ ಹೇಗೆ ಅಂಟಿತು ಎಂಬುದನ್ನು ಹುಡುಕಿ ಓದಿದೆ. ನಮ್ಮ ವೃತ್ತಿಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಹಳೆಯ ಇಂಗ್ಲಿಷಿನವರು ಸಣ್ಣ ಶಾರ್ಕುಗಳನ್ನು ‘ಹಸ್’ ಎನ್ನುತ್ತಿದ್ದರು. ಅದರ ಹಿಂದೆ ‘ಒಂದು’ ಎಂಬರ್ಥದ ‘ಆ್ಯನ್’ ಸೇರಿದಾಗ ಅದರ ನಕಾರ ಮುಂದಿನ ಪದಕ್ಕೆ ಜಾರಿ ‘ನಸ್’ ಆಯಿತು, ಅದೇ ಜನರ ಬಾಯಲ್ಲಿ ‘ನರ್ಸ್’ ಆಯಿತು ಎಂಬುದು ಒಂದು ವಿವರಣೆ. ಇಂಗ್ಲಿಷಿನಲ್ಲಿ ಇಂಥ ಜಾರಾಟ ಹೊಸದಲ್ಲ. ನಾವು ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ ಹಿಂದೆ ‘ನೇಪ್ರನ್’ ಆಗಿತ್ತು, ಅಲ್ಲಿ ನಕಾರ ಹಿಂದಕ್ಕೆ ಸರಿಯಿತು. ನರ್ಸ್ ಎಂದರೆ ಮೊಲೆಯುಣಿಸುವುದು ಎಂಬ ಅರ್ಥವೂ ಇದೆ. ಅಮೆರಿಕದ ಬೆಚ್ಚಗಿನ ಕಡಲುಗಳ ‘ನರ್ಸ್ ಶಾರ್ಕ್’ ಆಹಾರವನ್ನು ಚೀಪಿ ಎಳೆದುಕೊಳ್ಳುವ ಸದ್ದು ಮಗು ಹಾಲು ಕುಡಿದಂತೆ ಕೇಳುವುದರಿಂದ ಆ ಹೆಸರು ಬಂತು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಅಮೆರಿಕದ ಆ ನರ್ಸ್ ಶಾರ್ಕ್ ಬೇರೆ, ಸಿಡ್ನಿಯ ಗ್ರೇ ನರ್ಸ್ ಬೇರೆ ಎಂಬುದನ್ನು ಮಾತ್ರ ಅಣ್ಣನ ಮಗಳು ಗಟ್ಟಿಯಾಗಿ ನೆನಪಿಡಬೇಕು. ಎರಡೂ ಬೇರೆ ಬೇರೆ ಜಾತಿಯವು, ಹತ್ತಿರದ ನಂಟೂ ಇಲ್ಲ. ಆಸ್ಟ್ರೇಲಿಯದ ಈ ಮೀನಿನ ವೈಜ್ಞಾನಿಕ ಹೆಸರು ಕಾರ್ಕೇರಿಯಾಸ್ ಟಾರಸ್. ಇದೇ ಮೀನು ಅಮೆರಿಕದ ಕರಾವಳಿಯಲ್ಲಿ ‘ಸ್ಯಾಂಡ್ ಟೈಗರ್’, ಎಂದರೆ ಮರಳಿನ ಹುಲಿ. ದಕ್ಷಿಣ ಆಫ್ರಿಕಾದಲ್ಲಿ ‘ರ‍್ಯಾಗೆಡ್ ಟೂತ್’, ಅಂಕುಡೊಂಕು ಹಲ್ಲಿನದು. ಒಂದು ದೇಶದಲ್ಲಿ ಹುಲಿ, ಇನ್ನೊಂದರಲ್ಲಿ ದಾದಿ. ಟಾರಸ್ ಎಂದರೆ ಲ್ಯಾಟಿನ್‌ನಲ್ಲಿ ಗೂಳಿ, ಆದರೆ ಸಿಡ್ನಿ ಬಂದರಿನೊಳಗೆ ಬರುವ ‘ಬುಲ್ ಶಾರ್ಕ್’ ಮತ್ತೊಂದು ಮೀನು. ನಿಜವಾಗಿ ಅಪಾಯಕಾರಿಯಾದ ‘ಟೈಗರ್ ಶಾರ್ಕ್’ ಇನ್ನೂ ಬೇರೆ.

ಹೆಸರು ಬದಲಾಗುವುದು ನಮಗೆ ಹೊಸತಲ್ಲ. ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿ ಮಾಡಿಕೊಂಡಾಗ ನಮ್ಮೂರು ಅಹ್ಸನಾಬಾದ್ ಆಗಿತ್ತು. ನಾನು ಶಾಲೆ ಕಲಿತದ್ದು ಗುಲ್ಬರ್ಗದಲ್ಲಿ. 2014ರಿಂದ ಸರ್ಕಾರಿ ದಾಖಲೆಗಳಲ್ಲಿಯೂ ಅದು ಕಲಬುರಗಿ. ಊರಿನವರ ಬದುಕು ಇದರಿಂದ ಕೆಟ್ಟಿಲ್ಲ. ಆ ಮೀನಿನ ವಿಷಯ ಹಾಗಲ್ಲ. ಜನರು ಅದರ ಬಗ್ಗೆ ಏನು ನಂಬಿದರೋ ಅದರ ಮೇಲೆ ಅದರ ಉಳಿವೇ ನಿಂತಿತ್ತು.

ದಾದಿ ಎಂಬ ಮೃದು ಹೆಸರಿದ್ದರೂ ಇಲ್ಲಿನವರು ದಶಕಗಳ ಕಾಲ ಅದನ್ನು ನರಭಕ್ಷಕ ಎಂದೇ ತಿಳಿದಿದ್ದರು. ಬಾಯಿ ಮುಚ್ಚಿದಾಗಲೂ ಸೂಜಿಯಂಥ ಹಲ್ಲುಗಳು ಹೊರಗೆ ಕಾಣುತ್ತವೆ, ಉದ್ದ ಮೂರು ಮೀಟರ್ ಮುಟ್ಟುತ್ತದೆ. ಬೇರೆ ಶಾರ್ಕುಗಳು ಮಾಡಿದ ದಾಳಿಯೂ ಇದರ ತಲೆಗೇ ಬಂತು. ಐವತ್ತು, ಅರವತ್ತರ ದಶಕಗಳಲ್ಲಿ ಈಟಿ ಹಿಡಿದು ನೀರಿಗಿಳಿದವರು, ತುದಿಯಲ್ಲಿ ಗುಂಡು ಸಿಡಿಯುವ ಕೋಲು ಹಿಡಿದವರು ಇದನ್ನು ಕೊಂದು ಶೌರ್ಯವೆಂದುಕೊಂಡರು. ಕೊಲ್ಲುವುದು ಸುಲಭವೂ ಆಗಿತ್ತು. ಇದು ಹಗಲೆಲ್ಲ ಬಂಡೆಗಳ ಸಂದಿಯಲ್ಲಿ ನಿಧಾನವಾಗಿ ತೇಲುತ್ತಿರುತ್ತದೆ. ನೀರಿನ ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯಲ್ಲಿ ಇಟ್ಟುಕೊಂಡು, ಮುಳುಗದೆ ಏಳದೆ ನಿಲ್ಲುವ ವಿದ್ಯೆ ಇದಕ್ಕೆ ಗೊತ್ತು. ಆ ಹಲ್ಲುಗಳು ಜಾರುವ ಮೀನನ್ನು ಕಚ್ಚಿ ಹಿಡಿಯಲಿಕ್ಕೆ ಇರುವಂಥವು. ಕೆಣಕದಿದ್ದರೆ ಮನುಷ್ಯನ ತಂಟೆಗೆ ಬರುವುದಿಲ್ಲ.

ಹುಟ್ಟಿನ ವಿಷಯ ಓದಿದಾಗ, ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನಾನು ಪುಟವನ್ನು ಮತ್ತೆ ಮೊದಲಿನಿಂದ ಓದಿದೆ. ಹೆಣ್ಣಿಗೆ ಎರಡು ಗರ್ಭಕೋಶಗಳಿರುತ್ತವೆ. ಪ್ರತಿಯೊಂದರಲ್ಲಿಯೂ ಮೊದಲು ಬೆಳೆದ ಭ್ರೂಣ ಒಳಗಿದ್ದಾಗಲೇ ಹಲ್ಲು ಪಡೆದು ಒಡಹುಟ್ಟಿದವನ್ನು ತಿನ್ನುತ್ತದೆ, ಆಮೇಲೆ ತಾಯಿ ಬಿಡುವ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಕೊನೆಗೆ ಹೊರಬರುವುವು ಎರಡೇ ಮರಿಗಳು, ಒಂದೊಂದೂ ಸುಮಾರು ಒಂದು ಮೀಟರ್ ಉದ್ದ. ಅದೂ ಪ್ರತಿವರ್ಷ ಅಲ್ಲ, ಎರಡು ವರ್ಷಕ್ಕೊಮ್ಮೆ. ಇಷ್ಟು ನಿಧಾನವಾಗಿ ಹೆರುವ ಜೀವಿಯನ್ನು ಆಟಕ್ಕಾಗಿ ಕೊಂದರೆ ಸಂತತಿ ಚೇತರಿಸಿಕೊಳ್ಳುವುದು ಹೇಗೆ? ಈ ಮಾತು ಫೋನಿನಲ್ಲಿ ಕೇಳಿದ ಅಮ್ಮ, “ಹೆಸರಿಗೆ ದಾದಿ, ಅದನ್ನೂ ಕೊಂದರೇನು ಇವರು?” ಎಂದು ನೊಂದುಕೊಂಡಳು. ಭೀಮೆಯ ಮೀನನ್ನಷ್ಟೇ ಕಂಡವಳು, ಕಡಲನ್ನು ಇನ್ನೂ ನೋಡಿಲ್ಲ.

1984ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಇದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಲೋಕದಲ್ಲಿ ಇಂಥ ರಕ್ಷಣೆ ಪಡೆದ ಮೊದಲ ಶಾರ್ಕ್ ಇದೇ. ಆದರೂ ಪೂರ್ವ ಕರಾವಳಿಯ ಗ್ರೇ ನರ್ಸ್‌ಗಳು ಇಂದಿಗೂ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿವೆ. ಮೈಮೇಲಿನ ಚುಕ್ಕೆಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲದ ಕಾರಣ, ಮುಳುಗುಗಾರರು ತೆಗೆದ ಚಿತ್ರಗಳಿಂದ ಒಂದೊಂದನ್ನೂ ಗುರುತಿಸುತ್ತಾರೆ.

ಈಗ ಪ್ರವಾಸಿಗಳನ್ನು ಕರೆದೊಯ್ಯುವವರು ಇದನ್ನು ‘ಕಡಲಿನ ಲ್ಯಾಬ್ರಡಾರ್’ ಎನ್ನುತ್ತಾರೆ. ಹೆದರಿಕೆ ಹೋಗಲಿ ಎಂಬ ಒಳ್ಳೆಯ ಉದ್ದೇಶ ಇರಬಹುದು. ಆದರೂ ಈ ಮಾತು ನನಗೆ ಹಿಡಿಸುವುದಿಲ್ಲ. ಸಾಕುನಾಯಿಯ ಹೆಸರು ಕೇಳಿ ಮುಟ್ಟಲು ಕೈ ಚಾಚಿದವನಿಗೆ ಕಚ್ಚಿದರೆ ಮತ್ತೆ ಮೀನಿನ ಮೇಲೆಯೇ ತಪ್ಪು ಬೀಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ನನ್ನದೊಂದು ಕೋರಿಕೆ. ಇದನ್ನು ‘ಬೂದು ದಾದಿ’ ಎಂದು ಅನುವಾದಿಸಬೇಡಿ, ಓದುವವರಿಗೆ ಏನೂ ತಿಳಿಯುವುದಿಲ್ಲ. ತಿಮಿಂಗಿಲ ಎಂದಂತೂ ಬರೆಯಲೇಬೇಡಿ. ತಿಮಿಂಗಿಲ ಮರಿಗೆ ಹಾಲೂಡಿಸುವ ಸಸ್ತನಿ, ಶಾರ್ಕ್ ಮೀನು. ಗ್ರೇ ನರ್ಸ್ ಶಾರ್ಕ್ ಎಂದೇ ಬರೆದು, ಯಾವ ದೇಶದಲ್ಲಿ ಅದಕ್ಕೆ ಯಾವ ಹೆಸರಿದೆ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ.