ಗೆಟ್ ಒಳಗೆ ಇರುವ ‘ಸೆ’

ಸ್ಪೇನಿನ ವಲೆನ್ಸಿಯಾದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನರ್ಸುಗಳು, ಅಂಗಡಿಯವರು, ಬಂದರಿನಲ್ಲಿ ಕೆಲಸ ಮಾಡುವವರು ಬರುತ್ತಾರೆ. ಇವರಿಗೆ ‘ಗೆಟ್’ ಅಂದರೆ ಭಯ. ಪುಸ್ತಕದಲ್ಲಿ ಅದರ ಸ್ಪ್ಯಾನಿಷ್ ಅರ್ಥಗಳ ಉದ್ದದ ಪಟ್ಟಿ ಇರುತ್ತದೆ. ಸಿಗುವುದಕ್ಕೆ ಕೊನ್ಸೆಗಿರ್, ತಲುಪುವುದಕ್ಕೆ ಯೆಗಾರ್, ಅರ್ಥವಾಗುವುದಕ್ಕೆ ಎಂತೆಂದೆರ್, ಕೊಳ್ಳುವುದಕ್ಕೆ ಕೊಂಪ್ರಾರ್. ಪಾಪ, ಉರು ಹೊಡೆಯುತ್ತಾರೆ. ಮಾತಿಗೆ ನಿಂತಾಗ ಒಂದೂ ಬಾಯಿಗೆ ಬರುವುದಿಲ್ಲ.

ನಾನು ಆ ಪಟ್ಟಿಯಿಂದ ಶುರು ಮಾಡುವುದಿಲ್ಲ. ಅವರ ಭಾಷೆಯ ‘ಸೆ’ಯಿಂದ ಶುರು ಮಾಡುತ್ತೇನೆ.

ಸ್ಪ್ಯಾನಿಷ್‌ನಲ್ಲಿ ಮದುವೆಯಾಗುವುದು ಕಸಾರ್ಸೆ, ಸುಸ್ತಾಗುವುದು ಕನ್ಸಾರ್ಸೆ, ಒದ್ದೆಯಾಗುವುದು ಮೊಹಾರ್ಸೆ, ದಾರಿ ತಪ್ಪುವುದು ಪೆರ್ದೆರ್ಸೆ. ಕೊನೆಯಲ್ಲಿ ಎಲ್ಲಕ್ಕೂ ‘ಸೆ’ ಇದೆ ಅಲ್ವಾ? ಇಂಗ್ಲಿಷ್‌ನಲ್ಲಿ ಅವೇ ಗೆಟ್ ಮ್ಯಾರೀಡ್, ಗೆಟ್ ಟೈರ್ಡ್, ಗೆಟ್ ವೆಟ್, ಗೆಟ್ ಲಾಸ್ಟ್. ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾ ಹೋಗುತ್ತಾರೆ. ಬಟ್ಟೆ ಹಾಕಿಕೊಳ್ಳುವುದು, ಏಳುವುದು, ಬೇಜಾರಾಗುವುದು, ಮೆಟ್ರೋದಿಂದ ಇಳಿಯುವುದು, ಎಲ್ಲದಕ್ಕೂ ಅಲ್ಲಿ ‘ಸೆ’, ಇಲ್ಲಿ ‘ಗೆಟ್’. ಸುಸ್ತಾಗಿರುವುದಕ್ಕೂ ಸುಸ್ತಾಗುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಮೊದಲೇ ಗೊತ್ತು. ಎಸ್ತಾರ್ ಕನ್ಸಾದೊ ಅಂದರೆ ಬಿ ಟೈರ್ಡ್, ಕನ್ಸಾರ್ಸೆ ಅಂದರೆ ಗೆಟ್ ಟೈರ್ಡ್. ಹೊಸದಾಗಿ ಕಲಿಸಬೇಕಾದದ್ದು ಬಹಳ ಕಡಿಮೆ.

ಇದು ನನ್ನ ಕಣ್ಣಿಗೆ ಬಿದ್ದದ್ದು ಕನ್ನಡದಿಂದ. ನಾವು ‘ಆಗು’ ಮತ್ತು ‘ಕೊಳ್ಳು’ ಇಟ್ಟುಕೊಂಡು ಇದೇ ಕೆಲಸ ಮಾಡುತ್ತೇವೆ.

ಕೂದಲು ಕತ್ತರಿಸುವ ಮಾತು ಬಂದರೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಸಲೂನಿಗೆ ಹೋಗಿ ಬಂದವರು ಸ್ಪ್ಯಾನಿಷ್‌ನಲ್ಲಿ ‘ಮೆ ಎ ಕೊರ್ತಾದೊ ಎಲ್ ಪೇಲೊ’ ಅನ್ನುತ್ತಾರೆ, ‘ನಾನು’ ಅನ್ನುವಾಗ ‘ಸೆ’ಯೇ ‘ಮೆ’ ಆಗುತ್ತದೆ. ಕತ್ತರಿ ಹಿಡಿದವರು ಯಾರು ಅಂತ ಆ ಮಾತಿನಲ್ಲಿ ಇಲ್ಲ. ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ. ಅದನ್ನೇ ಇಂಗ್ಲಿಷ್‌ಗೆ ತಂದು ‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ತಾವೇ ಕತ್ತರಿಸಿಕೊಂಡ ಹಾಗೆ ಕೇಳುತ್ತದೆ. ಬೇಕಾದದ್ದು ‘ಐ ಗಾಟ್ ಮೈ ಹೇರ್ ಕಟ್’. ನಮಗೆ ‘ಕತ್ತರಿಸಿಕೊಂಡೆ’ ಬೇರೆ, ‘ಕಟಿಂಗ್ ಮಾಡಿಸಿಕೊಂಡೆ’ ಬೇರೆ, ಹಾಗಾಗಿ ತಕ್ಷಣ ಹಿಡಿಯುತ್ತೇವೆ. ಅವರಿಗೆ ಕಾರು ರಿಪೇರಿ, ಹಲ್ಲು ಕೀಳಿಸುವುದು, ಮನೆಗೆ ಬಣ್ಣ, ಹೀಗೆ ಅವರವರ ಮನೆಯ ಕೆಲಸಗಳನ್ನೇ ಹಿಡಿದು ಹೇಳಿಸಬೇಕು. ಹೇಳುತ್ತಾ ಹೇಳುತ್ತಾ ಕೂರುತ್ತದೆ.

‘ಸೆ’ ಇದ್ದ ಕಡೆಯೆಲ್ಲ ‘ಗೆಟ್’ ನಡೆಯುವುದಿಲ್ಲ, ಅದನ್ನೂ ಮುಚ್ಚಿಡಬಾರದು. ನಿದ್ದೆ ಹೋಗುವುದು ದೊರ್ಮಿರ್ಸೆ, ಇಂಗ್ಲಿಷ್‌ನಲ್ಲಿ ಫಾಲ್ ಅಸ್ಲೀಪ್. ಕಣ್ಣು ಹೋಗುವುದು ಕೆದಾರ್ಸೆ ಥಿಯೇಗೊ, ಇಂಗ್ಲಿಷ್‌ನಲ್ಲಿ ಗೋ ಬ್ಲೈಂಡ್. ಡಾಕ್ಟರ್ ಆಗುವುದಕ್ಕೆ ಗೆಟ್ ಬರಲೇಬಾರದು, ಅಲ್ಲಿ ಬಿಕಮ್. ಆದರೆ ಗೆಟ್ ರಿಚ್ ಸರಿ. ಗೆಟ್‌ನ ಮುಂದೆ ರಿಚ್, ಟೈರ್ಡ್ ಥರದ ಗುಣ ಹೇಳುವ ಪದ ಬರಬಹುದು, ಡಾಕ್ಟರ್ ಅನ್ನುವಂಥ ನಾಮಪದ ಬಂದರೆ ಅರ್ಥವೇ ಬದಲು. ‘ಗೆಟ್ ಎ ಡಾಕ್ಟರ್’ ಅಂದರೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಾ!

ಇನ್ನು ಸಣ್ಣಪುಟ್ಟವು. ಕಸಾರ್ಸೆ ಕೋನ್ ಅನ್ನುವ ಅಭ್ಯಾಸದಿಂದ ‘ಗೆಟ್ ಮ್ಯಾರೀಡ್ ವಿತ್’ ಅನ್ನುತ್ತಾರೆ, ‘ಟು’ ಅನ್ನಬೇಕು. ಯೆಗಾರ್ ಆ ಕಾಸಾ ಅನ್ನುವ ಅಭ್ಯಾಸದಿಂದ ‘ಗೆಟ್ ಟು ಹೋಮ್’ ಅನ್ನುತ್ತಾರೆ, ಅಲ್ಲಿ ‘ಟು’ ಬೇಡ.

ನನ್ನ ತರಗತಿಯಲ್ಲಿ ಲ್ಯಾಟಿನ್ ಅಮೆರಿಕದಿಂದ ಬಂದವರೂ ಇದ್ದಾರೆ. ಅಮೆರಿಕನ್ ಇಂಗ್ಲಿಷ್ ಕೇಳಿ ಬೆಳೆದವರು ‘ಹ್ಯಾವ್’ ಜೊತೆ ‘ಗಾಟ್’ ಬದಲು ‘ಗಾಟನ್’ ಅನ್ನುತ್ತಾರೆ, ಇಲ್ಲಿಯವರು ಅದನ್ನು ತಪ್ಪು ಅಂತ ತಿದ್ದಲು ಹೋಗುತ್ತಾರೆ. ತಿದ್ದಬೇಡಿ ಅನ್ನುತ್ತೇನೆ. ಅಮೆರಿಕದಲ್ಲಿ ‘ಐ ಹ್ಯಾವ್ ಗಾಟ್ ಎ ಟಿಕೆಟ್’ ಅಂದರೆ ಟಿಕೆಟ್ ನನ್ನ ಹತ್ತಿರ ಇದೆ. ‘ಐ ಹ್ಯಾವ್ ಗಾಟನ್ ಎ ಟಿಕೆಟ್’ ಅಂದರೆ ಟಿಕೆಟ್ ಸಿಕ್ಕಿತು. ಎರಡೂ ಬೇಕಾದ ಮಾತುಗಳೇ.